ಬೇಸಿಗೆಯ ವನಭೋಜನ: ಹೊತ್ತು, ಬುತ್ತಿ ಮತ್ತು ನೀರು

ಮನೆಯ ಗೋಡೆಗಳಾಚೆ, ಮರದ ನೆರಳಿನಲ್ಲಿ ಬಂಧುಮಿತ್ರರೊಡನೆ ಕುಳಿತು ಉಣ್ಣುವ ಪದ್ಧತಿ ಕನ್ನಡಿಗರಿಗೆ ಹೊಸದಲ್ಲ. ಕಾರ್ತಿಕ ಮಾಸದಲ್ಲಿ ನೆಲ್ಲಿಯ ಮರದ ಕೆಳಗೆ ವನಭೋಜನ ನಡೆಯುತ್ತದೆ. ಉತ್ತರ ಕರ್ನಾಟಕದ ರೈತರು ಎಳ್ಳಮಾವಾಸ್ಯೆಯಂದು ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಚರಗ ಚೆಲ್ಲಿ, ಸಜ್ಜೆಯ ರೊಟ್ಟಿ, ಶೇಂಗಾ ಹೋಳಿಗೆಗಳನ್ನು ಹಂಚಿಕೊಂಡು ಉಣ್ಣುತ್ತಾರೆ. ಇವೆರಡೂ ತಂಪು ಕಾಲದ ಆಚರಣೆಗಳೆಂಬುದನ್ನು ಗಮನಿಸಬೇಕು. ಬೇಸಿಗೆಯಲ್ಲಿ ನಮ್ಮ ಹಿರಿಯರು ಇಷ್ಟಪಟ್ಟದ್ದು ಬೆಳದಿಂಗಳ ಊಟವನ್ನು. ಬಯಲಿನಲ್ಲಿ ಉಣ್ಣುವುದಕ್ಕೂ ಹೊತ್ತು ನೋಡಬೇಕೆಂಬ ವಿವೇಕ ಈ ಪದ್ಧತಿಗಳಲ್ಲಿ ಅಡಗಿದೆ.

ಇಂದು ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದೆಹಲಿಗಳಂಥ ನಗರಗಳಲ್ಲಿ ನೆಲೆಸಿರುವ ಕುಟುಂಬಗಳಿಗೆ ಎಲ್ಲರೂ ಒಂದಾಗಿ ಹೊರಡಲು ಬಿಡುವು ದೊರೆಯುವುದು ಮಕ್ಕಳ ಬೇಸಿಗೆ ರಜೆಯಲ್ಲಿಯೇ. ಕನ್ನಡ ಸಂಘಗಳ ಸಾಮೂಹಿಕ ವಿಹಾರಗಳೂ ಅನೇಕ ವೇಳೆ ಈ ಅವಧಿಯಲ್ಲಿಯೇ ಏರ್ಪಡುತ್ತವೆ. ಬಿಸಿಲಿನ ತಾಪ, ಬೇಗನೆ ಕೆಡುವ ಆಹಾರ, ಅಶುದ್ಧವಾದ ನೀರು ಈ ಮೂರೂ ಕೂಡಿಬರುವ ಕಾಲವೂ ಇದೇ ಆಗಿದೆ. ಸಂತೋಷಕ್ಕಾಗಿ ಹೊರಟವರು ಸಂಜೆಯ ಹೊತ್ತಿಗೆ ಆಸ್ಪತ್ರೆಯ ದಾರಿ ಹಿಡಿಯುವಂತಾಗಬಾರದು. ಮುಂಚಿತವಾಗಿ ಯೋಚಿಸಿ ಸಿದ್ಧತೆ ಮಾಡಿಕೊಂಡಲ್ಲಿ ಇಂತಹ ಅಪಾಯಗಳನ್ನು ಬಹುಮಟ್ಟಿಗೆ ತಪ್ಪಿಸಬಹುದು. ಯಾವಾಗ ಅಡುಗೆ ಮಾಡಬೇಕು, ಯಾವಾಗ ಹೊರಡಬೇಕು, ಯಾವಾಗ ಉಣ್ಣಬೇಕು, ಯಾವಾಗ ಮರಳಬೇಕು ಎಂಬ ನಾಲ್ಕು ಪ್ರಶ್ನೆಗಳಿಗೆ ಉತ್ತರ ಕಂಡುಕೊಂಡರೆ ಉಳಿದ ವ್ಯವಸ್ಥೆ ಸುಲಭವಾಗುತ್ತದೆ.

ಹೊತ್ತಿನ ಆಯ್ಕೆ

ಮಧ್ಯಾಹ್ನ 12 ಗಂಟೆಯಿಂದ 3 ಗಂಟೆಯವರೆಗೆ ಬಿಸಿಲಿನಲ್ಲಿ ಇರಬಾರದೆಂಬುದು ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ ಸಲಹೆ. ಆದುದರಿಂದ ಬೇಸಿಗೆಯ ವನಭೋಜನಕ್ಕೆ ಎರಡು ಹೊತ್ತುಗಳು ಮಾತ್ರ ಸೂಕ್ತವಾಗಿವೆ. ಒಂದು, ಬೆಳಿಗ್ಗೆ 6 ಗಂಟೆಗೆ ಹೊರಟು, 8 ಗಂಟೆಗೆ ಉಪಾಹಾರ ಮತ್ತು 11 ಗಂಟೆಯೊಳಗೆ ಊಟ ಮುಗಿಸಿ, 12ರ ಒಳಗೆ ಮನೆ ಸೇರುವುದು. ಮತ್ತೊಂದು, ಸಂಜೆ 4.30ಕ್ಕೆ ಹೊರಟು ರಾತ್ರಿ 8ರ ಸುಮಾರಿಗೆ ಊಟ ಮುಗಿಸಿ ಮರಳುವುದು. ಹುಣ್ಣಿಮೆಯ ಆಸುಪಾಸಿನ ದಿನವನ್ನು ಆರಿಸಿಕೊಂಡಲ್ಲಿ ಎರಡನೆಯದು ಬೆಳದಿಂಗಳ ಊಟವೇ ಆಗುವುದು. ಕಟ್ಟಡದ ತಾರಸಿಯ ಮೇಲೂ ಇದನ್ನು ನಡೆಸಬಹುದು.

ಹೊರಡುವ ಹಿಂದಿನ ದಿನ ಭಾರತ ಹವಾಮಾನ ಇಲಾಖೆಯ ಮುನ್ಸೂಚನೆಯನ್ನು ತಪ್ಪದೆ ನೋಡಬೇಕು. ಬಯಲು ಪ್ರದೇಶಗಳಲ್ಲಿ ಗರಿಷ್ಠ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಹೆಚ್ಚಾಗಿದ್ದು, ವಾಡಿಕೆಗಿಂತ ಕನಿಷ್ಠ 4.5 ಡಿಗ್ರಿ ಅಧಿಕವಾಗಿದ್ದರೆ ಇಲಾಖೆಯು ಅದನ್ನು ಉಷ್ಣ ಅಲೆಯೆಂದು ಪರಿಗಣಿಸುತ್ತದೆ. ಕರಾವಳಿಗೆ ಈ ಮಿತಿ 37 ಡಿಗ್ರಿ. ಎಚ್ಚರಿಕೆಗಳನ್ನು ಹಳದಿ, ಕಿತ್ತಳೆ ಮತ್ತು ಕೆಂಪು ಬಣ್ಣಗಳಿಂದ ಸೂಚಿಸಲಾಗುತ್ತದೆ. ಕಿತ್ತಳೆ ಅಥವಾ ಕೆಂಪು ಎಚ್ಚರಿಕೆಯಿರುವ ದಿನ ಕಾರ್ಯಕ್ರಮವನ್ನು ಮುಂದೂಡುವುದೇ ಲೇಸು.

ಎಲ್ಲ ನಗರಗಳ ಬೇಸಿಗೆಯೂ ಒಂದೇ ಬಗೆಯದಲ್ಲ. ದೆಹಲಿ, ಹೈದರಾಬಾದುಗಳ ಬಿಸಿಲು ಒಣ ಬಿಸಿಲು. ಅಲ್ಲಿ ಬೆವರು ಕಣ್ಣಿಗೆ ಕಾಣುವ ಮೊದಲೇ ಆರಿಹೋಗುವುದರಿಂದ ದೇಹದ ನೀರು ಎಷ್ಟು ಕಡಿಮೆಯಾಯಿತೆಂಬುದು ತಿಳಿಯುವುದಿಲ್ಲ. ಮುಂಬಯಿ, ಚೆನ್ನೈಗಳಲ್ಲಿ ಗಾಳಿಯ ತೇವಾಂಶ ಅಧಿಕ. ಬೆವರು ಆರುವುದಿಲ್ಲ, ಬೆವರು ಆರದಿದ್ದರೆ ಮೈ ತಂಪಾಗುವುದಿಲ್ಲ. ಆದುದರಿಂದ ಅಲ್ಲಿ 34 ಡಿಗ್ರಿಯ ದಿನವೂ ಆಯಾಸವನ್ನುಂಟುಮಾಡಬಲ್ಲದು. ಒಣ ಊರಿನಲ್ಲಿ ಬಾಯಾರಿಕೆಗಾಗಿ ಕಾಯದೆ ನೀರು ಕುಡಿಯುವುದೂ, ತೇವದ ಊರಿನಲ್ಲಿ ಗಾಳಿ ಬೀಸುವ ಜಾಗದಲ್ಲಿ ಕುಳಿತುಕೊಳ್ಳುವುದೂ ಮುಖ್ಯವಾಗುತ್ತವೆ.

ಸ್ಥಳದ ಆಯ್ಕೆ

ಸ್ಥಳವು ಮನೆಯಿಂದ ಒಂದು ಗಂಟೆಯ ಪ್ರಯಾಣಕ್ಕಿಂತ ದೂರವಿರದಿದ್ದರೆ ಉತ್ತಮ. ದೊಡ್ಡ ಮರಗಳ ನೆರಳು, ಶೌಚಾಲಯ, ವಾಹನ ನಿಲ್ಲುವ ಜಾಗ ಮತ್ತು ಸಮೀಪದಲ್ಲಿ ಒಂದು ಆಸ್ಪತ್ರೆ, ಈ ನಾಲ್ಕು ಅನುಕೂಲಗಳಿವೆಯೇ ಎಂಬುದನ್ನು ಮೊದಲೇ ವಿಚಾರಿಸಿಕೊಳ್ಳಬೇಕು. ನೆರಳು ಸರಿಯುತ್ತದೆ ಎಂಬುದನ್ನೂ ನೆನಪಿನಲ್ಲಿಡಬೇಕು. ಬೆಳಿಗ್ಗೆ ಮರದ ಪಶ್ಚಿಮಕ್ಕೆ ಬೀಳುವ ನೆರಳು ಹನ್ನೊಂದರ ಹೊತ್ತಿಗೆ ಬುಡಕ್ಕೆ ಸರಿದಿರುತ್ತದೆ. ಜಮಖಾನವನ್ನು ಹಾಸುವಾಗಲೇ ಇದನ್ನು ಲೆಕ್ಕ ಹಾಕಿಕೊಂಡಲ್ಲಿ ಊಟದ ನಡುವೆ ಏಳುವ ಪ್ರಸಂಗ ಬಾರದು.

ದೆಹಲಿಯ ಲೋಧಿ ಉದ್ಯಾನ ಮತ್ತು ಸುಂದರ್ ನರ್ಸರಿಗಳು ಮುಂಜಾನೆಯ ವಿಹಾರಕ್ಕೆ ಹೇಳಿಮಾಡಿಸಿದ ಜಾಗಗಳು. ಮುಂಬಯಿಯವರಿಗೆ ಬೊರಿವಲಿಯ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನವಿದೆ. ಚೆನ್ನೈಯಲ್ಲಿ ಸಂಜೆ ಬೀಸುವ ಕಡಲಗಾಳಿಯಿಂದಾಗಿ ಮರೀನಾ, ಬೆಸಂಟ್ ನಗರದ ಕಡಲತೀರಗಳು ಬೇಸಿಗೆಯ ಇರುಳೂಟಕ್ಕೆ ಒಪ್ಪುತ್ತವೆ. ಪುಣೆಯ ಸಮೀಪದ ಸಿಂಹಗಡವು ನಗರಕ್ಕಿಂತ ಸುಮಾರು 700 ಮೀಟರ್ ಎತ್ತರದಲ್ಲಿರುವುದರಿಂದ ನಾಲ್ಕೈದು ಡಿಗ್ರಿಯಷ್ಟು ತಂಪಾಗಿರುತ್ತದೆ. ಆದರೆ ಅಲ್ಲಿ ನೆರಳು ಕಡಿಮೆ. ಸೂರ್ಯನು ಮೇಲೇರುವ ಮುನ್ನವೇ ಹತ್ತಿ ಇಳಿಯಬೇಕು.

ಕನ್ನಡಿಗರಿಗೆ ವಿಶೇಷ ಆಸಕ್ತಿಯುಳ್ಳ ಎರಡು ಸ್ಥಳಗಳು ಈ ಪ್ರದೇಶಗಳಲ್ಲಿಯೇ ಇವೆ. ಸರ್ ಎಂ. ವಿಶ್ವೇಶ್ವರಯ್ಯನವರು ರೂಪಿಸಿದ ಸ್ವಯಂಚಾಲಿತ ನೀರುಬಾಗಿಲುಗಳನ್ನು 1903ರಲ್ಲಿ ಮೊದಲು ಅಳವಡಿಸಿದ್ದು ಪುಣೆಯ ಬಳಿಯ ಖಡಕ್‌ವಾಸ್ಲಾ ಜಲಾಶಯದಲ್ಲಿ. ಹೈದರಾಬಾದಿನಲ್ಲಿ 1908ರ ಮೂಸಿ ನದಿಯ ಮಹಾಪ್ರವಾಹದ ಅನಂತರ ಅವರು ನೀಡಿದ ಸಲಹೆಯ ಫಲವಾಗಿ ಉಸ್ಮಾನ್ ಸಾಗರ ಮತ್ತು ಹಿಮಾಯತ್ ಸಾಗರಗಳು ನಿರ್ಮಾಣಗೊಂಡವು. ಗಂಡಿಪೇಟೆಯೆಂದೇ ಜನರು ಕರೆಯುವ ಉಸ್ಮಾನ್ ಸಾಗರದ ದಂಡೆಯಲ್ಲಿ ಕುಳಿತಾಗ ಮಕ್ಕಳಿಗೆ ಈ ಇತಿಹಾಸವನ್ನು ತಿಳಿಸಬಹುದು. ಆದರೆ ಜಲಾಶಯಗಳನ್ನು ದೂರದಿಂದಲೇ ನೋಡಿ ಆನಂದಿಸಬೇಕು. ಮೇಲೆ ಶಾಂತವಾಗಿ ಕಾಣುವ ನೀರಿನ ಕೆಳಗೆ ಹೂಳು, ದಿಢೀರನೆ ಇಳಿಯುವ ಆಳ ಇರುತ್ತವೆ. ಈಜು ಬಲ್ಲವರೂ ಇಂತಹ ಕಡೆಗಳಲ್ಲಿ ಪ್ರಾಣ ಕಳೆದುಕೊಂಡದ್ದುಂಟು. ಮರೀನಾದ ಸಮುದ್ರಕ್ಕೂ ಇದೇ ಮಾತು ಅನ್ವಯಿಸುತ್ತದೆ.

ಉದ್ಯಾನಗಳ ವಾರದ ರಜೆ ಮತ್ತು ವೇಳೆಗಳನ್ನು ತಿಳಿದು ಹೊರಡಬೇಕು. ಸಂರಕ್ಷಿತ ಸ್ಮಾರಕಗಳ ಆವರಣದಲ್ಲಿ, ಅನುಮತಿಯಿರುವ ಜಾಗವನ್ನು ಬಿಟ್ಟು ಬೇರೆಡೆ ಅಡುಗೆ ಮಾಡುವುದನ್ನೂ ಊಟ ಮಾಡುವುದನ್ನೂ 1959ರ ಪ್ರಾಚೀನ ಸ್ಮಾರಕಗಳ ನಿಯಮಗಳು ನಿಷೇಧಿಸುತ್ತವೆ. ಗೋಲ್ಕೊಂಡದಂಥ ಕೋಟೆಗಳಿಗೆ ಹೋಗುವವರು ಊಟಕ್ಕೆ ಬೇರೆ ಜಾಗವನ್ನು ಗೊತ್ತುಮಾಡಿಕೊಳ್ಳಬೇಕು.

ಆಹಾರ ಏಕೆ ಕೆಡುತ್ತದೆ?

ಬೇಯಿಸಿದ ಆಹಾರದಲ್ಲಿ ರೋಗಾಣುಗಳು 5 ಡಿಗ್ರಿಯಿಂದ 60 ಡಿಗ್ರಿ ಸೆಲ್ಸಿಯಸ್‌ವರೆಗಿನ ಉಷ್ಣತೆಯಲ್ಲಿ ವೃದ್ಧಿಯಾಗುತ್ತವೆ. ಬೇಸಿಗೆಯ ದಿನದ ಗಾಳಿಯ ಉಷ್ಣತೆ ಅವುಗಳಿಗೆ ಬಲು ಹಿತವಾದುದು. ಅನುಕೂಲವಾದ ಸ್ಥಿತಿಯಲ್ಲಿ ಕೆಲವು ಸೂಕ್ಷ್ಮಾಣುಗಳು 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತವೆ. ಈ ಲೆಕ್ಕದಲ್ಲಿ ಬೆಳಿಗ್ಗೆ 6 ಗಂಟೆಗೆ ಡಬ್ಬಿಯಲ್ಲಿ 100 ಸೂಕ್ಷ್ಮಾಣುಗಳಿದ್ದರೆ 11 ಗಂಟೆಗೆ ಅವು 32 ಲಕ್ಷವನ್ನು ಮೀರಿರುತ್ತವೆ. ಆಹಾರದ ಬಣ್ಣ, ವಾಸನೆ, ರುಚಿ ಮಾತ್ರ ಮೊದಲಿನಂತೆಯೇ ಇರಬಹುದು. ಮೂಸಿ ನೋಡಿ ನಿರ್ಧರಿಸುವುದು ಸುರಕ್ಷಿತವಲ್ಲವೆನ್ನಲು ಇದೇ ಕಾರಣ.

ಅನ್ನದ ವಿಷಯದಲ್ಲಿ ಹೆಚ್ಚಿನ ಎಚ್ಚರ ಅಗತ್ಯ. ಅಕ್ಕಿಯಲ್ಲಿರುವ ಬ್ಯಾಸಿಲಸ್ ಸೀರಿಯಸ್ ಎಂಬ ಸೂಕ್ಷ್ಮಾಣುವಿನ ಬೀಜಕಣಗಳು ಕುದಿಯುವ ನೀರಿನಲ್ಲಿಯೂ ಸಾಯದೆ ಉಳಿಯಬಲ್ಲವು. ಬೆಂದ ಅನ್ನವು ಬೆಚ್ಚಗೆ ಬಹಳ ಹೊತ್ತು ಉಳಿದಾಗ ಅವು ಮೊಳೆತು ವಿಷವನ್ನು ಉತ್ಪಾದಿಸುತ್ತವೆ. ಕೈಯ ಗಾಯ, ಮೂಗು, ಗಂಟಲುಗಳಿಂದ ಆಹಾರಕ್ಕೆ ಸೇರುವ ಸ್ಟ್ಯಾಫಿಲೊಕಾಕಸ್ ಎಂಬುದೂ ಹೀಗೆಯೇ. ಇವು ಉತ್ಪಾದಿಸುವ, ವಾಂತಿಯನ್ನುಂಟುಮಾಡುವ ವಿಷವು ಮತ್ತೆ ಬಿಸಿ ಮಾಡಿದರೂ ನಾಶವಾಗುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯು 2001ರಲ್ಲಿ ಸುರಕ್ಷಿತ ಆಹಾರಕ್ಕಾಗಿ ಐದು ಸೂತ್ರಗಳನ್ನು ಪ್ರಕಟಿಸಿತು. ಶುಚಿತ್ವ, ಹಸಿ ಮತ್ತು ಬೆಂದ ಪದಾರ್ಥಗಳನ್ನು ಬೇರೆಯಾಗಿಡುವುದು, ಚೆನ್ನಾಗಿ ಬೇಯಿಸುವುದು, ಸುರಕ್ಷಿತ ಉಷ್ಣತೆಯಲ್ಲಿಡುವುದು, ಶುದ್ಧ ನೀರು ಮತ್ತು ಪದಾರ್ಥಗಳ ಬಳಕೆ, ಇವೇ ಆ ಐದು. ಬೇಯಿಸಿದ ಆಹಾರವನ್ನು ಹೊರಗಿನ ಉಷ್ಣತೆಯಲ್ಲಿ 2 ಗಂಟೆಗಿಂತ ಹೆಚ್ಚು ಹೊತ್ತು ಇಡಬಾರದೆಂಬುದು ಅದರ ಸೂಚನೆ. ಹೊರಗೆ 32 ಡಿಗ್ರಿಗಿಂತ ಹೆಚ್ಚಿನ ಶಾಖವಿದ್ದರೆ ಈ ಅವಧಿಯನ್ನು ಒಂದೇ ಗಂಟೆಯೆಂದು ಎಣಿಸುವುದು ಕ್ಷೇಮ.

ಬುತ್ತಿಗೆ ಏನು ಒಪ್ಪುತ್ತದೆ?

ಹಾಗಾದರೆ ದಾರಿಯ ಊಟಕ್ಕೆ ಏನು ಒಯ್ಯಬೇಕು? ನಮ್ಮ ಅಡುಗೆಮನೆಯ ಅನುಭವದಲ್ಲಿಯೇ ಇದಕ್ಕೆ ಉತ್ತರವಿದೆ. ನೀರಿನ ಅಂಶವನ್ನು ತೆಗೆಯುವುದು, ಹುಳಿ ಸೇರಿಸುವುದು, ಉಪ್ಪು ಮತ್ತು ಬೆಲ್ಲಗಳನ್ನು ಹೆಚ್ಚಿಸುವುದು ಸೂಕ್ಷ್ಮಾಣುಗಳ ಬೆಳವಣಿಗೆಯನ್ನು ತಡೆಯುವ ಉಪಾಯಗಳು. ಹಳೆಯ ಬುತ್ತಿಯ ತಿನಿಸುಗಳೆಲ್ಲ ಇವುಗಳನ್ನೇ ಅವಲಂಬಿಸಿವೆ. ಪದಾರ್ಥಗಳನ್ನು ನಾಲ್ಕು ವರ್ಗಗಳಾಗಿ ವಿಂಗಡಿಸಿಕೊಂಡರೆ ಆಯ್ಕೆ ಸುಲಭ.

1. ಇಡೀ ದಿನ ಕೆಡದವು: ಕಟಕು ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಚಕ್ಕುಲಿ, ಕೋಡುಬಳೆ, ನಿಪ್ಪಟ್ಟು, ಒಗ್ಗರಣೆ ಹಾಕಿದ ಒಣ ಅವಲಕ್ಕಿ, ಹುರಿಗಡಲೆ, ಶೇಂಗಾ ಉಂಡೆ, ಉಪ್ಪಿನಕಾಯಿ, ಇಡಿಯಾದ ಹಣ್ಣುಗಳು.

2. ಮುಂಜಾನೆ ಮಾಡಿ ಬೇಗನೆ ತಿನ್ನಬೇಕಾದವು: ಪುಳಿಯೋಗರೆ, ಚಪಾತಿ, ಮೆಂತ್ಯದ ಸೊಪ್ಪಿನ ತೇಪ್ಲಾ, ಒಣ ಪಲ್ಯ. ಪುಳಿಯೋಗರೆಯು ಹುಣಸೆಯ ಹುಳಿಯಿಂದಾಗಿ ಬಿಳಿ ಅನ್ನಕ್ಕಿಂತ ಹೆಚ್ಚು ಹೊತ್ತು ತಾಳುತ್ತದೆ. ಆದರೂ ಅದನ್ನು ಊಟದ ಹೊತ್ತಿಗೆ ಮುಗಿಸಬೇಕು, ಸಂಜೆಗೆ ಉಳಿಸಬಾರದು. ಚಿತ್ರಾನ್ನವನ್ನು ಒಯ್ಯುವವರು ತೆಂಗಿನ ತುರಿ, ಈರುಳ್ಳಿಗಳನ್ನು ಬಿಡಬೇಕು.

3. ಐಸ್ ಪೆಟ್ಟಿಗೆಯಲ್ಲಿ ಮಾತ್ರ ಒಯ್ಯಬೇಕಾದವು: ಮೊಸರನ್ನ, ಮೊಸರು, ಮಜ್ಜಿಗೆ, ಹಾಲು, ಹೆಸರುಬೇಳೆಯ ಕೋಸಂಬರಿ, ಬೇಯಿಸಿದ ಮೊಟ್ಟೆ. ಮೊಸರನ್ನವು ಹುಳಿಯಾಗದಿರಲೆಂದು ಹಾಲನ್ನೇ ಹೆಚ್ಚಾಗಿ ಹಾಕಿ ಕಲಸುವ ರೂಢಿಯಿದೆ. ಇದು ರುಚಿಗೆ ಒಳ್ಳೆಯದಾದರೂ, ಅನ್ನವನ್ನು ಕಾಪಾಡುವುದು ಮೊಸರಿನ ಹುಳಿಯೇ ಆಗಿರುವುದರಿಂದ ಅಂತಹ ಮೊಸರನ್ನಕ್ಕೆ ತಂಪು ಇನ್ನೂ ಅಗತ್ಯ. ಐಸ್ ಇಲ್ಲದಿದ್ದಲ್ಲಿ ಮೊಸರನ್ನವನ್ನೇ ಕೈಬಿಡಬೇಕು.

4. ಒಯ್ಯಬಾರದವು: ಹಸಿ ತೆಂಗಿನಕಾಯಿಯ ಚಟ್ನಿ, ತೊವ್ವೆ, ಸಾಂಬಾರು, ಪಾಯಸ, ಕೆನೆ ಸವರಿದ ಕೇಕು, ಮನೆಯಲ್ಲಿಯೇ ಹೆಚ್ಚಿದ ಕಲ್ಲಂಗಡಿ, ಬೀದಿಯಲ್ಲಿ ಮಾರುವ ಐಸು.

ಹತ್ತು ಜನರ ಒಂದು ಊಟಕ್ಕೆ ಒಂದು ಕಿಲೋ ಅಕ್ಕಿಯ ಪುಳಿಯೋಗರೆ, ಅರ್ಧ ಕಿಲೋ ಅಕ್ಕಿಯ ಮೊಸರನ್ನ, ಇಪ್ಪತ್ತು ಚಪಾತಿ ಅಥವಾ ರೊಟ್ಟಿ, ಒಂದು ಪಲ್ಯ, ಎರಡು ಬಗೆಯ ಕುರುಕು ತಿಂಡಿ ಮತ್ತು ತಲಾ ಒಂದೊಂದು ಮಾವಿನ ಹಣ್ಣು ಧಾರಾಳವಾಗಿ ಸಾಕಾಗುತ್ತದೆ. ಉಳಿಯುವಷ್ಟು ಒಯ್ಯುವುದರಿಂದ ಪ್ರಯೋಜನವಿಲ್ಲ. ಉಳಿದುದನ್ನು ಮನೆಗೆ ತಂದು ರಾತ್ರಿ ಉಣ್ಣುವ ಅಭ್ಯಾಸದಿಂದಲೇ ಅನೇಕರು ಅಸ್ವಸ್ಥರಾಗುತ್ತಾರೆ.

ಕಟ್ಟುವ ಕ್ರಮ

ಪುಳಿಯೋಗರೆಯ ಗೊಜ್ಜು, ಚಟ್ನಿಪುಡಿ, ಕುರುಕು ತಿಂಡಿಗಳನ್ನು ಒಂದೆರಡು ದಿನ ಮೊದಲೇ ಸಿದ್ಧಪಡಿಸಬಹುದು. ಅನ್ನವನ್ನು ಮಾತ್ರ ಹೊರಡುವ ದಿನವೇ ಮಾಡಬೇಕು. ಬಿಸಿ ಅನ್ನವನ್ನು ಡಬ್ಬಿಗೆ ತುಂಬಿ ಮುಚ್ಚಳ ಹಾಕುವುದು ತಪ್ಪು. ಹಬೆಯು ಮುಚ್ಚಳಕ್ಕೆ ತಗುಲಿ ನೀರಾಗಿ ಮತ್ತೆ ಅನ್ನಕ್ಕೇ ಇಳಿಯುತ್ತದೆ. ನಡುವಿನ ಅನ್ನವು ಗಂಟೆಗಟ್ಟಲೆ ಬೆಚ್ಚಗೇ ಉಳಿಯುತ್ತದೆ. ಅನ್ನವನ್ನು ಅಗಲವಾದ ತಟ್ಟೆಯಲ್ಲಿ ತೆಳುವಾಗಿ ಹರಡಿ, ಬೀಸಣಿಗೆಯ ಗಾಳಿಗೆ ಆರಿಸಿ, ಗೊಜ್ಜನ್ನು ಸೌಟಿನಿಂದ ಕಲಸಿ, ಒಣಗಿದ ಸ್ಟೀಲಿನ ಡಬ್ಬಿಗಳಿಗೆ ತುಂಬಬೇಕು. ಒಂದು ದೊಡ್ಡ ಪಾತ್ರೆಗಿಂತ ನಾಲ್ಕು ಸಣ್ಣ ಡಬ್ಬಿಗಳು ಲೇಸು. ಒಂದನ್ನು ತೆರೆದಾಗ ಉಳಿದ ಮೂರು ಮುಚ್ಚಿಯೇ ಇರುತ್ತವೆ.

ಐಸ್ ಪೆಟ್ಟಿಗೆಯನ್ನು ಹಿಂದಿನ ರಾತ್ರಿಯೇ ಸಿದ್ಧಗೊಳಿಸಬೇಕು. ನೀರಿನ ಬಾಟಲಿಗಳನ್ನು ಮುಕ್ಕಾಲು ತುಂಬಿ ಗಟ್ಟಿಯಾಗುವಂತೆ ಫ್ರಿಜ್ಜಿನಲ್ಲಿಟ್ಟರೆ ಅವೇ ಐಸ್ ಗಡ್ಡೆಗಳಾಗುತ್ತವೆ. ಕರಗಿದ ಮೇಲೆ ಕುಡಿಯಲೂ ಆಗುತ್ತವೆ. ತಣ್ಣನೆಯ ಗಾಳಿ ಕೆಳಗಿಳಿಯುವುದರಿಂದ ಕೆಲವು ಬಾಟಲಿಗಳನ್ನು ಡಬ್ಬಿಗಳ ಮೇಲೆಯೂ ಇಡಬೇಕು. ಪೆಟ್ಟಿಗೆಯಲ್ಲಿ ಖಾಲಿ ಜಾಗವಿದ್ದಷ್ಟೂ ಐಸು ಬೇಗ ಕರಗುತ್ತದೆ. ಮಕ್ಕಳು ಪದೇ ಪದೇ ತೆರೆಯುವ ಕುಡಿಯುವ ನೀರಿಗೂ, ಮೊಸರನ್ನಕ್ಕೂ ಬೇರೆ ಬೇರೆ ಪೆಟ್ಟಿಗೆಗಳಿದ್ದರೆ ಉತ್ತಮ.

ಉಳಿದ ಚೀಲಗಳನ್ನು ಕಟ್ಟುವಾಗ ಕೊನೆಗೆ ಬೇಕಾಗುವುದನ್ನು ತಳದಲ್ಲಿಯೂ, ಮೊದಲು ಬೇಕಾಗುವ ಜಮಖಾನ, ಸೋಪು, ಕೈ ತೊಳೆಯುವ ನೀರನ್ನು ಮೇಲೆಯೂ ಇಡಬೇಕು. ಬಿಸಿಲಿನಲ್ಲಿ ನಿಂತ ಕಾರಿನ ಒಳಗೆ ಅರ್ಧ ಗಂಟೆಯಲ್ಲಿ ಸುಮಾರು 20 ಡಿಗ್ರಿಯಷ್ಟು ಶಾಖ ಏರುವುದರಿಂದ ಆಹಾರವನ್ನು ಅದರಲ್ಲಿ ಬಿಡಬಾರದು. ಮಕ್ಕಳನ್ನಂತೂ ಒಂದು ಕ್ಷಣವೂ ಮುಚ್ಚಿದ ವಾಹನದಲ್ಲಿ ಬಿಟ್ಟುಹೋಗಬಾರದು.

ನೀರು ಮತ್ತು ಪಾನೀಯಗಳು

ಅರ್ಧ ದಿನದ ವಿಹಾರಕ್ಕೆ ಪ್ರತಿಯೊಬ್ಬರಿಗೆ ಕನಿಷ್ಠ 2 ಲೀಟರ್ ಕುಡಿಯುವ ನೀರನ್ನು ಲೆಕ್ಕ ಹಾಕಬೇಕು. ಕೈ ತೊಳೆಯಲು ಹಾಗೂ ತುರ್ತು ಅಗತ್ಯಕ್ಕೆ ಹತ್ತು ಲೀಟರಿನ ಪ್ರತ್ಯೇಕ ಕ್ಯಾನು ಇರಲಿ. ಸ್ಥಳದಲ್ಲಿ ಸಿಗುವ ಕೆರೆ, ತೊರೆ, ಗೊತ್ತಿಲ್ಲದ ನಲ್ಲಿಯ ನೀರನ್ನು ಕುಡಿಯಲು ನಂಬಬಾರದು.

ಒದ್ದೆ ಬಟ್ಟೆ ಸುತ್ತಿದ ಮಣ್ಣಿನ ಹೂಜಿಯು ದೆಹಲಿ, ಹೈದರಾಬಾದುಗಳ ಒಣ ಹವೆಯಲ್ಲಿ ನೀರನ್ನು ಚೆನ್ನಾಗಿ ತಂಪಾಗಿಡುತ್ತದೆ. ನೀರು ಆವಿಯಾಗುವಾಗ ಹೂಜಿಯ ಶಾಖವನ್ನು ಹೀರಿಕೊಳ್ಳುವುದೇ ಇದರ ಗುಟ್ಟು. ಮುಂಬಯಿ, ಚೆನ್ನೈಗಳ ತೇವದ ಹವೆಯಲ್ಲಿ ನೀರು ಬೇಗ ಆವಿಯಾಗದು. ಅಲ್ಲಿ ಐಸು ಅಥವಾ ಥರ್ಮಾಸನ್ನೇ ಅವಲಂಬಿಸಬೇಕು.

ಬೆವರಿನೊಡನೆ ಉಪ್ಪೂ ಹೋಗುವುದರಿಂದ ಬರಿಯ ನೀರಿಗಿಂತ ನೀರುಮಜ್ಜಿಗೆ, ಎಳನೀರು, ಉಪ್ಪು ಹಾಕಿದ ನಿಂಬೆಯ ಪಾನಕ ಹಿತಕರ. ಒಂದು ಲೀಟರ್ ಮೊಸರಿಗೆ ನಾಲ್ಕು ಲೀಟರ್ ನೀರು, ಉಪ್ಪು, ಶುಂಠಿ, ಕರಿಬೇವು ಸೇರಿಸಿದರೆ ಹತ್ತು ಜನರಿಗೆ ಎರಡು ಸಲ ಕುಡಿಯುವಷ್ಟು ಮಜ್ಜಿಗೆಯಾಗುತ್ತದೆ. ಜೀವಜಲದ ಪೊಟ್ಟಣಗಳನ್ನು, ಅಂದರೆ ಓ.ಆರ್.ಎಸ್. ಪುಡಿಯನ್ನು, ತಪ್ಪದೆ ಒಯ್ಯಬೇಕು. ಅದಿಲ್ಲದಾಗ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮಚಮಚ ಸಕ್ಕರೆ, ಅರ್ಧ ಸಮಚಮಚ ಉಪ್ಪು ಬೆರೆಸಬೇಕು. ಚಮಚವೆಂದರೆ ಇಲ್ಲಿ ಚಹದ ಚಮಚ. ಉಪ್ಪಿನ ಪ್ರಮಾಣ ಹೆಚ್ಚಾದರೆ ಮಕ್ಕಳಿಗೆ ಅಪಾಯ.

ಬಿಸಿಲಿನ ಆಘಾತ ಮತ್ತು ಸಿಡಿಲು

ತಲೆನೋವು, ತಲೆಸುತ್ತು, ವಾಕರಿಕೆ, ಸ್ನಾಯುಗಳ ಸೆಳೆತ ಬಿಸಿಲಿನ ಬಳಲಿಕೆಯ ಲಕ್ಷಣಗಳು. ಇಂಥವರನ್ನು ನೆರಳಿನಲ್ಲಿ ಮಲಗಿಸಿ, ಬಟ್ಟೆ ಸಡಿಲಿಸಿ, ಜೀವಜಲವನ್ನು ಗುಟುಕು ಗುಟುಕಾಗಿ ಕುಡಿಸಬೇಕು. ಮಾತು ತೊದಲುವುದು, ಗೊಂದಲ, ಪ್ರಜ್ಞೆ ತಪ್ಪುವುದು ಇವುಗಳೊಡನೆ ದೇಹದ ಉಷ್ಣತೆ 40 ಡಿಗ್ರಿ ಮುಟ್ಟಿದ್ದರೆ ಅದು ಬಿಸಿಲಿನ ಆಘಾತ, ಪ್ರಾಣಾಪಾಯದ ಸ್ಥಿತಿ. ಕೂಡಲೇ 112ಕ್ಕೆ ದೂರವಾಣಿ ಮಾಡಬೇಕು. ಆಂಬುಲೆನ್ಸ್ ಬರುವವರೆಗೆ ಸುಮ್ಮನಿರದೆ ಮೈಮೇಲೆ ನೀರು ಸುರಿದು ಗಾಳಿ ಬೀಸಬೇಕು. ಕುತ್ತಿಗೆ, ಕಂಕುಳು, ತೊಡೆಸಂದುಗಳಲ್ಲಿ ಬಟ್ಟೆಯಲ್ಲಿ ಸುತ್ತಿದ ಐಸ್ ಬಾಟಲಿಗಳನ್ನಿಡಬೇಕು. ಎಚ್ಚರವಿಲ್ಲದವರ ಬಾಯಿಗೆ ನೀರು ಹಾಕಬಾರದು. ವೃದ್ಧರು, ಎಳೆಯ ಮಕ್ಕಳು, ಗರ್ಭಿಣಿಯರು, ಹೃದ್ರೋಗ ಮತ್ತು ಮಧುಮೇಹವುಳ್ಳವರ ಮೇಲೆ ವಿಶೇಷ ಗಮನವಿರಲಿ.

ಏಪ್ರಿಲ್, ಮೇ ತಿಂಗಳುಗಳ ಅಪರಾಹ್ನಗಳಲ್ಲಿ ಗುಡುಗು ಸಹಿತ ಮಳೆ ದಿಢೀರನೆ ಬರುವುದುಂಟು. ಗುಡುಗು ಕೇಳಿಸಿದೊಡನೆ ಮರದ ಕೆಳಗಿನಿಂದ ಎದ್ದು ಪಕ್ಕಾ ಕಟ್ಟಡ ಅಥವಾ ಮುಚ್ಚಿದ ಕಾರನ್ನು ಸೇರಬೇಕು. ಕೊನೆಯ ಗುಡುಗಿನ ಅನಂತರ 30 ನಿಮಿಷ ಅಲ್ಲಿಯೇ ಇರಬೇಕು.

ಸ್ಥಳದ ಮರ್ಯಾದೆ

ಬೇಸಿಗೆಯಲ್ಲಿ ಹುಲ್ಲು ಒಣಗಿರುತ್ತದೆ. ಒಂದು ಕಿಡಿ ಕಾಡನ್ನೇ ಸುಡಬಲ್ಲದು. ಆದುದರಿಂದ ಒಲೆ ಹೂಡುವುದು, ಬೀಡಿ ಸಿಗರೇಟು ಸೇದುವುದು ಸಲ್ಲದು. ಹೊಗೆಗೆ ಹೆಜ್ಜೇನೂ ಕೆರಳುತ್ತದೆ. ಮಂಗಗಳಿಗೆ ತಿಂಡಿ ಹಾಕುವುದರಿಂದ ಅವು ಮನುಷ್ಯರ ಕೈಯಿಂದ ಕಿತ್ತುಕೊಳ್ಳುವುದನ್ನು ಕಲಿಯುತ್ತವೆ. ಮುಂದೆ ಬರುವ ಮಕ್ಕಳು ಅದರ ಫಲವನ್ನು ಅನುಭವಿಸಬೇಕಾಗುತ್ತದೆ.

ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚಗಳನ್ನು ದೇಶದಾದ್ಯಂತ 2022ರ ಜುಲೈ 1ರಿಂದ ನಿಷೇಧಿಸಲಾಗಿದೆ. ಬಾಳೆಯೆಲೆ, ಮುತ್ತುಗದ ಎಲೆ, ಅಡಕೆಯ ಹಾಳೆತಟ್ಟೆಗಳು ಇವುಗಳಿಗೆ ಉತ್ತಮ ಬದಲಿ. ಅವುಗಳನ್ನೂ ಅಲ್ಲಿಯೇ ಬಿಡದೆ ಚೀಲದಲ್ಲಿ ತುಂಬಿ ತರಬೇಕು. ಗಂಡಿಪೇಟೆ, ಖಡಕ್‌ವಾಸ್ಲಾಗಳ ದಂಡೆಯಲ್ಲಿ ಬಿಟ್ಟ ಕಸವು ಕುಡಿಯುವ ನೀರಿನ ಜಲಾಶಯವನ್ನೇ ಸೇರುತ್ತದೆ.

ಹೊರಡುವ ಮುನ್ನ ನೋಡಿಕೊಳ್ಳಬೇಕಾದ ಪಟ್ಟಿ

ಜಮಖಾನ ಅಥವಾ ಚಾಪೆ, ಊಟದ ಎಲೆ, ಲೋಟ, ಬಡಿಸುವ ಸೌಟುಗಳು, ಹಣ್ಣು ಹೆಚ್ಚಲು ಚೂರಿ, ಸೋಪು, ಒರೆಸುವ ಬಟ್ಟೆ, ಕಸದ ಚೀಲ, ಕುಡಿಯುವ ನೀರು, ಕೈ ತೊಳೆಯುವ ನೀರು, ಟೋಪಿ, ಛತ್ರಿ, ಹತ್ತಿಯ ಸಡಿಲ ಬಟ್ಟೆ, ಓ.ಆರ್.ಎಸ್. ಪೊಟ್ಟಣ, ಗಾಯದ ಮುಲಾಮು, ಹತ್ತಿ, ಪಟ್ಟಿ, ನಿತ್ಯ ಸೇವಿಸುವ ಔಷಧಿಗಳು, ಟಾರ್ಚು, ಪೂರ್ಣ ಚಾರ್ಜು ಮಾಡಿದ ಮೊಬೈಲು. ಸಂಘದ ವತಿಯಿಂದ ಹೋಗುವಾಗ ಹತ್ತು ಜನರಿಗೊಬ್ಬರಂತೆ ಹೊಣೆಗಾರರನ್ನು ನೇಮಿಸಿ, ಹೊರಡುವಾಗ ಮತ್ತು ಮರಳುವಾಗ ತಲೆಯೆಣಿಕೆ ಮಾಡಬೇಕು.

ಬುತ್ತಿ ಕಟ್ಟುವ ಕೆಲಸವನ್ನು ಮನೆಯ ಹೆಂಗಸರೊಬ್ಬರ ಮೇಲೆಯೇ ಹೊರಿಸದೆ ಎಲ್ಲರೂ ಹಂಚಿಕೊಳ್ಳುವುದು ಅವಶ್ಯ. ನಾಲ್ಕು ಗಂಟೆಗೆ ಎದ್ದು ಒಲೆಯ ಮುಂದೆ ನಿಂತವರೂ ನೆರಳಿನಲ್ಲಿ ನೆಮ್ಮದಿಯಾಗಿ ಕುಳಿತು ಉಣ್ಣುವಂತಾದಾಗಲೇ ವನಭೋಜನವು ಸಾರ್ಥಕವಾಗುತ್ತದೆ. ಮಕ್ಕಳಿಗೂ ಒಂದೊಂದು ಹೊಣೆ ವಹಿಸಿದರೆ ಊರಿನ ಅಡುಗೆಯ ಹೆಸರುಗಳೂ, ಅದರ ಹಿಂದಿನ ತಿಳಿವಳಿಕೆಯೂ ಅವರಿಗೆ ದಾಟುತ್ತವೆ. ತಂಪು ಹೊತ್ತಿನಲ್ಲಿ ಹೊರಟು, ಹಿತವಾದುದನ್ನು ಉಂಡು, ಬಿಸಿಲೇರುವ ಮುನ್ನ ಎಲ್ಲರೂ ಕ್ಷೇಮವಾಗಿ ಮನೆ ಸೇರುವಂತೆ ಈ ಬೇಸಿಗೆಯ ವಿಹಾರವನ್ನು ಯೋಜಿಸಿಕೊಳ್ಳಿರಿ.